ಕೆನ್ನೆಯ ಮೇಲಿನ ಚಾಪೆ

ಎಡಗೆನ್ನೆಯ ಮೇಲೆ ಚಾಪೆ ಅಚ್ಚಾಗಿತ್ತು. ಈಚಲು ಚಾಪೆಯ ಅಡ್ಡಗೆರೆ, ಉದ್ದಗೆರೆ, ನಡುವೆ ಎಲ್ಲೋ ಒಂದು ಗರಿ ಮುರಿದು ಚುಚ್ಚಿದ ಕೆಂಪು ಗುರುತು. ಬಿಳಿಯ ಕುರುಚಲು ಗಡ್ಡದೊಳಗೂ ಆ ಗೆರೆಗಳು ಹಾದುಹೋಗಿದ್ದವು. ಜಗಳೂರಿನ ನಮ್ಮ ಖಾಲಿ ಸೈಟಿನಲ್ಲಿ, ಆಷಾಢದ ಗಾಳಿಯಲ್ಲಿ, ನಡುಮಧ್ಯಾಹ್ನ ನಿದ್ದೆ ಮಾಡಿ ಎದ್ದ ಆ ಹಿರಿಯರು ಕಣ್ಣುಜ್ಜಿಕೊಳ್ಳುತ್ತಾ ನಮ್ಮಮ್ಮನನ್ನು ಕೇಳಿದರು: "ಅಕ್ಕಾರೆ, ನಾನು ಮಲಗಿದಾಗ ಚಾಪೆ ಇಲ್ಲಿತ್ತಾ, ಅಲ್ಲಿತ್ತಾ?"

"ಅಲ್ಲಿತ್ತು. ನೀವೇ ನಿದ್ದೆಗಣ್ಣಾಗೆ ಎಳಕಂಡು ಬಂದ್ರಿ" ಎಂದಳು ಅಮ್ಮ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ಅದು ನಗು ತಡೆಯಲಿಕ್ಕೋ, ದೂಳು ತಡೆಯಲಿಕ್ಕೋ ಹೇಳುವುದು ಕಷ್ಟವಿತ್ತು.

"ಹಂಗಾರೆ ಸರಿ" ಎಂದು ಅವರು ಎರಡೂ ಜಾಗಕ್ಕೆ ಒಂದೊಂದು ಕಲ್ಲು ಇಟ್ಟರು.

ಆಗ ನಾನು ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೆ. ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಯಾರೇ ಎರಡು ವಾಕ್ಯ ಆಡಿದರೂ ಎರಡನೆಯದು ಮೊದಲನೆಯದರಿಂದ ಹುಟ್ಟಿದೆಯೇ ಎಂದು ನೋಡುವ ಚಟ ಅಂಟಿತ್ತು, ಇನ್ನೂ ಬಿಟ್ಟಿಲ್ಲ. ಮನೆ ಕಟ್ಟುವ ಜಾಗದಲ್ಲಿ ಹಗಲುನಿದ್ದೆ ಮಾಡಿ, ಎದ್ದು ಕಲ್ಲಿಡುವುದಕ್ಕೆ ವಿನ್ಯಾಸ ಎಂಬ ಹೆಸರಾದರೆ ನಮ್ಮ ಓಣಿಯ ನಾಯಿಗಳೆಲ್ಲ ಆರ್ಕಿಟೆಕ್ಟುಗಳೇ. ಇದನ್ನು ಅವರೆದುರಿಗೇ ಹೇಳಿದೆ. ಅಮ್ಮ ನನ್ನತ್ತ ಕಣ್ಣು ಬಿಟ್ಟಳು. ಅವರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

"ನಾಯಿಗಳು ನನಗಿಂತ ಚೆನ್ನಾಗಿ ಮಾಡ್ತಾವೆ ವಕೀಲರೆ. ಆದ್ರೆ ಅವುಕ್ಕೆ ಡ್ರಾಯಿಂಗ್ ಬರಲ್ಲ. ಅದಕ್ಕೇ ನನ್ನ ಹೊಟ್ಟೆಪಾಡು ನಡೀತೈತೆ."

ಅವತ್ತಿನಿಂದ ನಾನು ಅವರಿಗೆ ವಕೀಲರು. ಪದವಿ ಬರಲು ಇನ್ನೂ ಬಹಳ ಕಾಲವಿತ್ತು.

ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ಆಫೀಸು. ಬೋರ್ಡಿನಲ್ಲಿ ಆರ್ಕಿಟೆಕ್ಟ್ ಎಂದು ಬರೆಸಿದ್ದರೂ ಸುತ್ತಿನ ಊರುಗಳಲ್ಲಿ ಅವರು ಚಾಪೆ ಇಂಜಿನಿಯರ್ರು. ಆರ್ಕಿಟೆಕ್ಟ್ ಬೇರೆ, ಇಂಜಿನಿಯರ್ ಬೇರೆ ಎಂದು ತಿದ್ದುವುದನ್ನು ಯಾವ ಕಾಲಕ್ಕೋ ಬಿಟ್ಟಿದ್ದರು. ಚಾಪೆ ಎಂಬುದಕ್ಕೆ ಅವರ ತಕರಾರೇ ಇರಲಿಲ್ಲ. ಮಾಸಿದ ಬಿಳಿ ಕಾರಿನ ಡಿಕ್ಕಿ ತುಂಬ ಚಾಪೆ ಸುರುಳಿಗಳು. ಮನೆ ಕಟ್ಟಿಸುವವರು ಎಷ್ಟು ಮಂದಿಯೋ ಅಷ್ಟು ಚಾಪೆ ಇಳಿಸುವುದು, ಊಟವಾದ ಮೇಲೆ ಎಲ್ಲರೂ ಸೈಟಿನಲ್ಲಿ ಇಷ್ಟ ಬಂದಲ್ಲಿ ಮಲಗುವುದು, ಬಿಸಿಲು ಗಾಳಿ ಸರಿದಂತೆ ಚಾಪೆಗಳು ಯಾವ ಕಡೆಗೆ ಸರಿದವು ಎಂದು ನೋಡುವುದು. ಇದು ಅವರ ಕೆಲಸದ ಮೊದಲ ದಿನ. ಪೆನ್ಸಿಲ್ಲು ಆಮೇಲೆ, ಎಷ್ಟೋ ತಿಂಗಳಾದ ಮೇಲೆ.

ಓದು ಮುಗಿಸಿ ಕೆಲವು ವರ್ಷ ಮುಂಬೈಯ ದೊಡ್ಡ ಕಚೇರಿಯೊಂದರಲ್ಲಿ ಕೂತು, ತಾವು ಎಂದೂ ಕಾಣದ ಊರುಗಳಿಗೆ ಕಟ್ಟಡ ಬರೆದಿದ್ದರಂತೆ. ಒಮ್ಮೆ ಅಂಥದೊಂದು ಊರಿಗೆ ಹೋಗಿ, ತಾವೇ ಬರೆದ ಕಟ್ಟಡದ ಮುಂದೆ ನಿಂತು, ಆ ಕಟ್ಟಡ ಎಲ್ಲಿದೆ ಎಂದು ದಾರಿಹೋಕರನ್ನು ಕೇಳಿದ್ದರಂತೆ. ಕೆಲಸ ಬಿಟ್ಟು ಊರಿಗೆ ಬಂದರು. ಇಲ್ಲಿ ಹಿಡಿದ ಮೊದಲ ಕೆಲಸದ ದಿನ, ಕಟ್ಟಿಸುವವರು ಬರುವುದು ತಡವಾಗಿ, ಹೊಳೆದಂಡೆಯ ಆ ಸೈಟಿನಲ್ಲಿ ಯಾರದೋ ಚಾಪೆಯ ಮೇಲೆ ಒರಗಿದವರಿಗೆ ನಿದ್ದೆ ಹತ್ತಿತು. ಎದ್ದಾಗ ಹೊಳೆಯ ತಂಪು ಅವರನ್ನು ಬಿಟ್ಟು ಆಚೆ ಹೋಗಿತ್ತು.

"ತಂಪು ಎದ್ದು ಹೋಗ್ತೈತೆ ಅಂತ ಅವತ್ತೇ ಗೊತ್ತಾಗಿದ್ದು" ಎನ್ನುತ್ತಿದ್ದರು. "ಕಾಲೇಜಾಗೆ ದಿಕ್ಕು ಕಲಿಸಿದ್ರು. ಹೊತ್ತು ಕಲಿಸ್ಲಿಲ್ಲ."

ನಮ್ಮ ಮನೆಗೆ ಅವರು ಬಂದದ್ದು ರೊಟ್ಟಿಯ ಜಾಡು ಹಿಡಿದು. ಸೊಕ್ಕೆಯ ಕಡೆ ಒಂದು ಗೋದಾಮಿನ ಕೆಲಸಕ್ಕೆ ಓಡಾಡುತ್ತಿದ್ದಾಗ ಜಗಳೂರಿನ ಖಾನಾವಳಿಯಲ್ಲಿ ಅಮ್ಮನ ಜೋಳದ ರೊಟ್ಟಿ ತಿಂದು, ಸುಟ್ಟವರು ಯಾರೆಂದು ವಿಚಾರಿಸಿಕೊಂಡು ಬಂದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಖಾನಾವಳಿ, ಹಾಸ್ಟೆಲ್ಲುಗಳಿಗೆ ರೊಟ್ಟಿ ಸುಟ್ಟುಕೊಟ್ಟೇ ನನ್ನನ್ನು ಓದಿಸುತ್ತಿದ್ದಳು. ಬಾಡಿಗೆ ಮನೆಯ ಅಡುಗೆಮನೆಗೆ ಒಂದೇ ಕಿಟಕಿ. ತೆಗೆದರೆ ಬೀದಿಯ ದೂಳು, ಮುಚ್ಚಿದರೆ ಒಲೆಯ ಹೊಗೆ. ಅಮ್ಮನಿಗೆ ಉಬ್ಬಸ ಹಿಡಿದಿತ್ತು. ಅವಳು ಮಲಗಿ ಉಸಿರಾಡಿದರೆ ಗೋಡೆಯಾಚೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಇನ್ನೊಂದು ಚಳಿಗಾಲವನ್ನು ಈ ಹೊಗೆಯಲ್ಲಿ ಕಳೆದರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಬಿಚ್ಚಿಯೇ ಹೇಳಿದ್ದರು. ಗ್ಯಾಸ್ ಒಲೆ ಇಡೋಣ ಎಂದರೆ ಅಮ್ಮ, "ಗ್ಯಾಸಿನ ಮ್ಯಾಲೆ ಸುಟ್ಟಿದ್ದು ರೊಟ್ಟಿನೇನೇ? ಅದು ಹಪ್ಪಳ" ಎಂದು ಮಾತು ಮುಗಿಸುತ್ತಿದ್ದಳು.

ಮನೆಗೆ ಬಂದ ಅವರು ಅಮ್ಮನ ಕೆಮ್ಮು ಕೇಳಿದರು. ಆ ಕಿಟಕಿಯನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಆಮೇಲೆ ಕೇಳಿದ್ದು ಒಂದೇ ಮಾತು: "ಎಲ್ಲಾದ್ರೂ ಸ್ವಂತ ಸೈಟು ಐತಾ?"

ಇತ್ತು. ಊರ ಅಂಚಿನಲ್ಲಿ ಅಪ್ಪ ಕೊಂಡಿಟ್ಟಿದ್ದ ಜಾಗ. ನಡುವೆ ಮೆಲುಕು ಹಾಕುತ್ತಾ ಮಲಗಿದ ಎಮ್ಮೆಯಂಥ ಒಂದು ಬಂಡೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲೆಲ್ಲ ತಿರುಗುವುದು ಅಲ್ಲಿಂದ ಕಾಣುತ್ತದೆ. ಅಮ್ಮನ ಅಣ್ಣ, ನನ್ನ ಮಾವ, ವಾಸ್ತು ಬಲ್ಲವರನ್ನು ಆಗಲೇ ಕರೆಸಿ ತೋರಿಸಿದ್ದ. ಬಂಡೆ ಸಿಡಿಸಬೇಕು, ಆಗ್ನೇಯಕ್ಕೆ ಒಲೆ ಬರಬೇಕು, ಶ್ರಾವಣದಲ್ಲೇ ಪಾಯ ತೆಗೆಯಬೇಕು. ವಾಸ್ತುವಿನ ವಿರುದ್ಧ ವಾದಿಸಿ ಒಂದು ಪ್ರಶಸ್ತಿಯನ್ನೇ ಗೆದ್ದವಳು ನಾನು. ಮಾವನನ್ನು ಎದುರಿಸಲು ಒಬ್ಬ ಓದಿದ ಜೊತೆಗಾರ ಸಿಕ್ಕರೆಂದು ಹಿಗ್ಗಿದ್ದೆ. ಆ ಜೊತೆಗಾರ ಬಂದು ಚಾಪೆ ಹಾಸಿದರು.

ಅವತ್ತು ಅಮ್ಮ ಬಂಡೆಯಿಂದ ದೂರ ಮಲಗಿದವಳು ಎದ್ದಾಗ ಅದರ ಮೂಡಲ ಮಗ್ಗುಲಿಗೆ ಸೇರಿದ್ದಳು. ಪಡುವಣ ಗಾಳಿ ಬಂಡೆಯ ಬೆನ್ನಿಗೆ ಬಡಿದು ಮೇಲೆ ಹಾರಿಹೋಗುತ್ತಿತ್ತು. ಅವಳ ಸೆರಗು ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ನಾನು ಪ್ರತಿಭಟನೆಯಾಗಿ ಮಲಗಲಿಲ್ಲ, ಚಾಪೆಯ ಮೇಲೆ ಕೂತು ಓದಿದೆ. ಅದಕ್ಕೂ ಒಂದು ಕಲ್ಲು ಬಿತ್ತು. "ಇಲ್ಲಿ ವಕೀಲರಿಗೆ ನಿದ್ದೆ ಬರಲ್ಲ. ಓದೋ ಜಾಗ." ಈ ಸಾಲುಗಳನ್ನು ಬರೆಯುತ್ತಿರುವ ಮೇಜು ಆ ಕಲ್ಲಿದ್ದಲ್ಲೇ ಇದೆ. ಇದನ್ನು ಸಾಕ್ಷ್ಯವೆಂದು ನಾನು ಒಪ್ಪುವುದಿಲ್ಲ. ಮೇಜು ಎಲ್ಲಿಟ್ಟರೂ ಬರೆಯಬಹುದು. ಆದರೆ ಇಲ್ಲಿಂದ ಎತ್ತಿ ಬೇರೆಡೆ ಇಟ್ಟೂ ಇಲ್ಲ.

ಸಂಜೆ ಅವರು ತಮ್ಮ ತೀರ್ಮಾನ ಹೇಳಿದರು: ಕಾರ್ತೀಕ ಕಳೆಯುವವರೆಗೆ ಏನೂ ಬರೆಯುವುದಿಲ್ಲ. ಈಗ ಪಡುವಣ ಗಾಳಿ. ಚಳಿಗೆ ಮೂಡಗಾಳಿ ತಿರುಗುತ್ತದೆ. ಅದರಲ್ಲೂ ಒಮ್ಮೆ ಮಲಗಬೇಕು.

ಸಂಜೆಗೆ ಬಂದು ಕೂತಿದ್ದ ಮಾವ ಎದ್ದು ನಡೆದೇಬಿಟ್ಟ. ನಾನು ನಡೆಯಲಿಲ್ಲ, ವಾದಕ್ಕಿಳಿದೆ. "ಸರ್, ನಿಮಗೆ ಎರಡು ಋತು ಬೇಕು. ಅಮ್ಮನ ಹತ್ತಿರ ಇರೋದು ಒಂದು. ಡಾಕ್ಟರ್ ಹೇಳಿದ ಚಳಿಗಾಲವೂ, ನೀವು ಕಾಯೋ ಚಳಿಗಾಲವೂ ಒಂದೇ."

ಅವರು ಚಾಪೆ ಸುತ್ತತೊಡಗಿದರು. "ನಾಳಿದ್ದು ಹೊನ್ನಾಳಿಗೆ ಬರ್ರಿ. ನಾನು ಕೆಡಿಸಿರೋ ಮನೆ ತೋರಿಸ್ತೀನಿ" ಎಂದರು.

ಒಳ್ಳೆಯ ಮನೆಗಳನ್ನು ಅವರು ಯಾರಿಗೂ ತೋರಿಸಿದವರಲ್ಲ. ಕಟ್ಟಿಸಲು ಬಂದವರನ್ನೆಲ್ಲ ಕರೆದೊಯ್ಯುತ್ತಿದ್ದುದು ನ್ಯಾಮತಿಯ ಆ ಒಂದು ಮನೆಗೆ. ನಾನೊಬ್ಬಳೇ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ, ಅಲ್ಲಿಂದ ಅವರ ಕಾರಿನಲ್ಲಿ ನ್ಯಾಮತಿ ಮುಟ್ಟಿದಾಗ ಸಣ್ಣ ಮಳೆ ಹಿಡಿದಿತ್ತು. ಬಾಗಿಲು ತೆಗೆದ ಅಜ್ಜಿ ನಮ್ಮನ್ನು ನೋಡಿದ ಕೂಡಲೇ ಒಳಗೆ ಕೂಗಿದರು, "ಬಂದ್ರು ನೋಡ್ರಿ ಕಿಟಕಿ ಇಂಜಿನಿಯರ್ರು." ಒಳಗಿಂದ ಅವರ ಯಜಮಾನರ ನಗು ಕೇಳಿತು.

ಮಲಗುವ ಕೋಣೆಯಲ್ಲಿ, ಮಂಚದ ತಲೆದೆಸೆಗೆ, ಗೋಡೆಯಷ್ಟೇ ಅಗಲದ ಒಂದು ಕಿಟಕಿ. ಅದಕ್ಕೆ ಅಡ್ಡಲಾಗಿ ಮೊಳೆ ಹೊಡೆದ ಗೊಬ್ಬರದ ಚೀಲಗಳು. ಚೀಲದ ಅಂಚಿನಿಂದ ನೀರು ಜಿನುಗಿ ಗೋಡೆಯ ಮೇಲೆ ಒಂದು ಬೂದು ನಕ್ಷೆ ಮೂಡಿತ್ತು.

"ಬೇಸಿಗೆಯಾಗೆ ಬಂದು ಮಲಗಿದ್ದೆ" ಎಂದರು ಅವರು. "ಆ ಕಡೆಯಿಂದ ಎಂಥಾ ಗಾಳಿ ಬರ್ತಿತ್ತು ಅಂದ್ರೆ, ಕನಸೆಲ್ಲ ತಂಪಾಗಿತ್ತು. ಎದ್ದೋನೇ ಕಿಟಕಿ ಬರೆದೆ. ಮಳೆನೂ ಅದೇ ದಾರಿಯಾಗೆ ಬರ್ತೈತೆ ಅಂತ ಕನಸಿನಾಗೆ ಕಾಣಲಿಲ್ಲ."

"ಮೊದಲನೇ ಮಳೆಗೆ ನಮ್ಮ ಹಾಸಿಗೆ ತೇಲ್ತಪ್ಪಾ" ಎಂದರು ಅಜ್ಜಿ ಖುಷಿಯಿಂದ. ಮಂಡಕ್ಕಿ, ಕಾಫಿ ತಂದಿಟ್ಟರು. ಕಿಟಕಿ ಸರಿಮಾಡಿಕೊಡುತ್ತೇನೆಂದು ಇವರು ಪ್ರತಿ ಸಲ ಹೇಳುವುದು, ಅಜ್ಜಿ ಬೇಡವೆನ್ನುವುದು ಅಲ್ಲಿಯ ರೂಢಿ. ಯಾಕೆ ಬೇಡ ಎಂದು ನಾನು ಕೇಳಿದೆ. "ಸರಿ ಮಾಡಿದ್ರೆ ಈ ಯಪ್ಪ ಇಲ್ಲಿಗೆ ಯಾಕೆ ಬರ್ತಾನೆ? ವರ್ಷಕ್ಕೆ ಒಂದಿಷ್ಟು ಹೊಸ ಮುಖ ಕರ್ಕಂಡು ಬರ್ತಾನೆ, ನಮಗೂ ಮಾತಿಗೆ ಆಗ್ತೈತೆ. ಇರ್ಲಿ ಬಿಡು ಚೀಲ."

ಇಂಥ ಗುರು-ಶಿಷ್ಯರ ಸಂಬಂಧ ನಾನು ಬೇರೆಲ್ಲೂ ಕಂಡಿಲ್ಲ. ಗುರು ಆ ಕಿಟಕಿ.

ಹಿಂದಿರುಗುವಾಗ ಚನ್ನಗಿರಿಯ ದಾರಿ ಹಿಡಿದೆವು. ಮಳೆ ಹಿಂದೆಯೇ ಉಳಿಯಿತು. ಸೂಳೆಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ ಅವರು ಎಂದಿನಂತೆ ಚಾಪೆ ಬಿಡಿಸಿದರು. ಅಷ್ಟು ನೀರನ್ನು ಒಟ್ಟಿಗೆ ನೋಡಿದರೆ ಜಗಳೂರಿನ ಕಣ್ಣಿಗೆ ನಿದ್ದೆ ಬಂದಂತೆಯೇ ಆಗುತ್ತದೆ. ಆಚೆ ದಡ ಇದೆಯೋ ಇಲ್ಲವೋ ಎಂಬಂತೆ ಮಸುಕಾಗಿತ್ತು. ಮೋಡದ ನೆರಳು ನೀರಿನ ಮೇಲೆ ನಡೆದು ಬಂದು, ನಮ್ಮನ್ನು ದಾಟಿ, ಗದ್ದೆಗಳ ಕಡೆ ಇಳಿದುಹೋಯಿತು. ನಾನು ಆ ಮಂಪರಿಗೆ ಸೋಲಬಾರದೆಂದು ಮಾತು ತೆಗೆದೆ.

"ಸರ್, ವಾಸ್ತುಗೂ ನಿಮ್ಮ ಚಾಪೆಗೂ ಏನು ವ್ಯತ್ಯಾಸ? ಅವರಿಗೆ ದಿಕ್ಕು ಹೇಳುತ್ತೆ, ನಿಮಗೆ ಜಾಗ ಹೇಳುತ್ತೆ. ಎರಡೂ ಮೂಢನಂಬಿಕೆ."

"ಜಾಗ ಏನೂ ಹೇಳಲ್ಲ ವಕೀಲರೆ. ಬಿಸಿಲು ಸುಡ್ತೈತೆ, ಇರುವೆ ಕಡೀತೈತೆ, ಅಷ್ಟೇ." ಕಣ್ಣು ಮುಚ್ಚಿಯೇ ಇತ್ತು. "ವಾಸ್ತುದೋರಿಗೆ ಸೈಟಿಗೆ ಬರೋಕೆ ಮುಂಚೆನೇ ಉತ್ತರ ಗೊತ್ತಿರ್ತೈತೆ. ನನಗೆ ಎದ್ದ ಮೇಲೂ ಗೊತ್ತಿರಲ್ಲ. ನನ್ನದು ತಪ್ಪಾದ್ರೆ ಹಾಸಿಗೆ ನೆನೀತೈತೆ, ಅಜ್ಜಿ ಬೈತಾಳೆ. ಅವರನ್ನ ಬೈಯಾಕೆ ಯಾವ ಅಜ್ಜಿ ಐತೆ?"

ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. ಕಾಯುವುದು ಸರಿ ಎಂದು ನ್ಯಾಮತಿಯ ಕಿಟಕಿ ಸಾಬೀತು ಮಾಡಿರಬಹುದು. ಅಮ್ಮ ಅಲ್ಲಿಯವರೆಗೆ ಉಸಿರಾಡುವುದೆಲ್ಲಿ?

ಏರಿಯ ಕೆಳಗೆ ಮೀನು ಹಿಡಿಯುವವರು ತಮ್ಮ ದುಂಡನೆಯ ತೆಪ್ಪಗಳನ್ನು ದಡಕ್ಕೆಳೆದು, ಬೋರಲು ಹಾಕಿ, ಒಂದು ಅಂಚಿಗೆ ಹುಟ್ಟನ್ನು ಊರುಗೋಲಾಗಿ ಕೊಟ್ಟು, ಕೆಳಗಿನ ನೆರಳಲ್ಲಿ ಮಲಗಿದ್ದರು. ಮೋಡ ಸರಿದು ಬಿಸಿಲು ಒಬ್ಬನ ಕಾಲಿಗೆ ಬಿತ್ತು. ಅವನು ಎದ್ದ, ತೆಪ್ಪವನ್ನು ಇಷ್ಟು ತಿರುಗಿಸಿದ, ಹುಟ್ಟನ್ನು ಆ ಕಡೆ ನಿಲ್ಲಿಸಿ ಮತ್ತೆ ಮಲಗಿದ. ನಾನು ಅದನ್ನೇ ನೋಡುತ್ತಿದ್ದೆ, ನೋಡುತ್ತಾ ನೋಡುತ್ತಾ ವಾದ ತಾನಾಗಿ ಕೈಗೆ ಬಂತು.

"ಸರ್, ಕಣ್ಣು ಬಿಡಿ. ನೀವು ಚಾಪೆ ಎಳೀತೀರಿ. ಅಲ್ಲಿ ನೋಡಿ, ಅವರು ಸೂರನ್ನೇ ಎಳೀತಿದಾರೆ."

ಅವರು ಮೊಣಕೈ ಊರಿ ಎದ್ದು ನೋಡಿದರು.

"ಮನೆ ಆಮೇಲೆ ಕಟ್ಟಿ. ಒಲೆ ಈಗಲೇ ಸೈಟಿಗೆ ಬರಲಿ. ಬಿದಿರು ತಟ್ಟಿ ಕಟ್ಟಿಕೊಡಿ, ಗಾಳಿ ತಿರುಗಿದ ಹಾಗೆ ನಾವು ತಿರುಗಿಸ್ಕೋತೀವಿ. ಅಮ್ಮ ಹೊಗೆಯಿಂದ ಹೊರಗೆ ಬರ್ತಾಳೆ, ನೀವು ನಿಮ್ಮ ಋತು ಕಾಯಿರಿ."

ಅವರು ಎದ್ದು ಕೂತರು. ಕೆನ್ನೆಯ ಮೇಲೆ ಆಗಲೇ ಗೆರೆ ಬಿದ್ದಿತ್ತು. "ಈ ಏರಿ ಮ್ಯಾಲೆ ಎಷ್ಟು ಸಲ ಮಲಗೀನಿ" ಎಂದರು. "ಯಾವತ್ತೂ ನಿದ್ದೆ ಮಾಡಿದ್ದೇ ಆತು. ಒಬ್ರು ಎಚ್ಚರ ಇರೋರು ಬೇಕಾಗಿತ್ತು ಅನ್ನು."

ಅದೊಂದೇ ಸಲ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು.

ಆ ವಾರವೇ ತಟ್ಟಿಗಳು ಬಂದವು. ಬಂಡೆಯ ಮಗ್ಗುಲಲ್ಲಿ ಮೂರು ಕಲ್ಲಿನ ಒಲೆ, ಮೇಲೊಂದು ಸೋಗೆ ಚಪ್ಪರ. ಅಮ್ಮ ನಸುಕಿಗೇ ಹಿಟ್ಟಿನ ಡಬ್ಬ ಹೊತ್ತು ಹೋಗುವಳು, ಬಿಸಿಲೇರುವ ಹೊತ್ತಿಗೆ ರೊಟ್ಟಿಯ ಗಂಟಿನೊಂದಿಗೆ ಬರುವಳು. ಮಾವ ಬಂದು ನೋಡಿ, "ಸೈಟು ಕೊಂಡು ಜಾತ್ರೆ ಅಂಗಡಿ ಹಾಕ್ದಂಗಾತು" ಎಂದ. ಆದರೆ ಹೊಗೆ ಬಂಡೆ ಹತ್ತಿ ಬಯಲಿಗೆ ಹೋಗುತ್ತಿತ್ತು, ಅಮ್ಮನ ಎದೆಗಲ್ಲ.

ಕಾರ್ತೀಕದ ಕೊನೆಗೆ ಒಂದು ಬೆಳಿಗ್ಗೆ ಮೂಡಗಾಳಿ ಬಂತು. ಅದು ಸದ್ದಿಲ್ಲದ ಗಾಳಿ. ಗುಡ್ಡದ ಮೇಲಿನ ಯಂತ್ರಗಳು ತಲೆ ತಿರುಗಿಸಿದ್ದು ನೋಡಿದರಷ್ಟೇ ತಿಳಿಯುತ್ತದೆ. ಫೋನು ಮಾಡಿದ ದಿನವೇ ಅವರು ಹೊನ್ನಾಳಿಯಿಂದ ಬಂದು ಮಲಗಿದರು. ವಾಸ್ತುವಿನವರು ತೋರಿಸಿದ್ದ ಆಗ್ನೇಯ ಮೂಲೆಯಲ್ಲಿ ನನ್ನಿಂದ ಕಸ ಸುಡಿಸಿದರು. ಹೊಗೆ ನೆಲ ಹಿಡಿದು ತೆವಳಿ, ವಾಸ್ತುವಿನವರದೇ ಲೆಕ್ಕದಲ್ಲಿ ಅಮ್ಮನ ಮಂಚ ಬರಬೇಕಿದ್ದ ಜಾಗದಲ್ಲಿ ನಿಂತುಬಿಟ್ಟಿತು.

"ನಿಮ್ಮ ಮಾವ ಹೇಳಿದ್ದು ಅರ್ಧ ವರ್ಷ ಸರಿ" ಎಂದರು ಅವರು, ಚಾಪೆಯ ಮೇಲೆ ಕೂತು. "ಪಡುವಣ ಗಾಳಿಗೆ ಅದು ಒಳ್ಳೇ ಮೂಲೆ. ಇನ್ನರ್ಧ ವರ್ಷ ಅಕ್ಕಾರು ಉಸಿರಾಡಬೇಕಲ್ಲ."

ಮಾಘದಲ್ಲಿ ನಕ್ಷೆ ಬಂತು. ಎರಡು ಗಾಳಿಗೂ ಅಡ್ಡವಾಗದಂತೆ ಒಲೆ ಬಂಡೆಯ ದಕ್ಷಿಣಕ್ಕೆ, ಮಲಗುವ ಕೋಣೆ ಅದರ ಉತ್ತರಕ್ಕೆ, ನಡುವೆ ಬಂಡೆಯೇ ಗೋಡೆ. ದಕ್ಷಿಣಕ್ಕೆ ಒಲೆ ಎಂದ ಕೂಡಲೇ ಮಾವ ಯಮನ ಹೆಸರು ತೆಗೆದ. ಅವರು ನಿಧಾನವಾಗಿ ಎರೇಸರ್ ತೆಗೆದುಕೊಂಡು, ಅಡುಗೆಮನೆಯ ಗೋಡೆಯೊಂದನ್ನು ಕೊಂಚ ಪೂರ್ವಕ್ಕೆ ಬಾಗಿಸಿ, ಒಲೆಯ ಮುಖವನ್ನು ಪೂರ್ವಕ್ಕೆ ತಿರುಗಿಸಿದರು. "ಈಗ ಆಗ್ನೇಯ ಅನ್ಕಳ್ರಿ" ಎಂದರು. ಮಾವ ಕನ್ನಡಕ ಹಾಕಿಕೊಂಡು ನೋಡಿ, ಅನ್ಕಂಡ.

ನಾನು ಸಿಟ್ಟಿಗೆದ್ದೆ. ಮೂಢನಂಬಿಕೆಗೆ ಒಂದು ಗೋಡೆ ಬಿಟ್ಟುಕೊಟ್ಟಿರಿ, ಇದು ಸೋಲು ಎಂದೆ.

"ನಿಮ್ಮ ಮಾವ ಹಬ್ಬಕ್ಕೆ ಹುಣ್ಣಿಮೆಗೆ ಈ ಮನೆಗೆ ಉಣ್ಣಾಕೆ ಬರೋರು. ಅವರು ಮುಖ ಗಂಟು ಹಾಕ್ಕಂಡು ಉಂಡ್ರೆ ಅಕ್ಕಾರಿಗೆ ಆ ರಾತ್ರಿ ಉಬ್ಬಸ. ಅವರೂ ಈ ಸೈಟಿನ ಗಾಳಿನೇ ವಕೀಲರೆ. ಲೆಕ್ಕಕ್ಕೆ ತಗಬೇಕು."

ಈ ವಾದವನ್ನು ನಾನು ಇಂದಿಗೂ ಒಪ್ಪಿಲ್ಲ. ಇದಕ್ಕೆ ಉತ್ತರವೂ ಹೊಳೆದಿಲ್ಲ.

ಮನೆಯಾಯಿತು. ಬೆಳಿಗ್ಗೆ ತಣ್ಣಗಿರುವ ಬಂಡೆ ಮಧ್ಯಾಹ್ನದ ಹೊತ್ತಿಗೂ ತಣ್ಣಗೇ ಇರುತ್ತದೆ, ಸೂರಿನ ಅಗಲ ಅಷ್ಟಿದೆ. ಅಮ್ಮನ ಸಿಳ್ಳೆ ಇಳಿಯುತ್ತಾ ಬಂತು. ಅದೇ ವರ್ಷ ಡಾಕ್ಟರು ಅವಳ ಔಷಧಿಯ ಪಂಪನ್ನೂ ಬದಲಿಸಿದ್ದರು. ಹಾಗಾಗಿ ಗುಣ ಕಂಡದ್ದು ಮನೆಯಿಂದಲೋ ಪಂಪಿನಿಂದಲೋ ಎಂದು ಊಟಕ್ಕೆ ಬಂದ ಚಾಪೆ ಇಂಜಿನಿಯರ್ರನ್ನು ನಾನು ಕೇಳದೆ ಬಿಡಲಿಲ್ಲ. ಅವರು ಅಮ್ಮನ ಕಡೆ ತಿರುಗಿ, "ನನ್ನ ಮನೆ ನಂಬ್ಕಂಡು ಪಂಪು ಬಿಡಬ್ಯಾಡ್ರಿ ಅಕ್ಕಾರೆ. ನ್ಯಾಮತಿ ಅಜ್ಜಿನ ಕೇಳ್ರಿ ಬೇಕಾದ್ರೆ" ಎಂದು ಎರಡನೇ ರೊಟ್ಟಿಗೆ ಕೈ ಹಾಕಿದರು.

ಮರುವರ್ಷದ ಮಳೆಗಾಲಕ್ಕೆ ಮುಂಚೆ ಹೊನ್ನಾಳಿಯಿಂದ ಫೋನು ಬಂತು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ನಾನೂ ಅಮ್ಮನೂ ಹೋದೆವು. ಮುಂದಿನ ಕೋಣೆಯಲ್ಲಿ, ಹಣೆತುಂಬ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ನಮ್ಮವರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಜೀವಮಾನವಿಡೀ ಮಲಗಿ ಕೆಲಸ ಮಾಡಿದವರನ್ನು ಕೊನೆಗೆ ಕೂರಿಸಿದ್ದರು. ನಾನು ನೋಡಿದ್ದು ಎಡಗೆನ್ನೆಯನ್ನು. ಗಡ್ಡ ಬೋಳಿಸಿ ನುಣ್ಣಗಾಗಿತ್ತು. ಒಂದು ಗೆರೆಯೂ ಇರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

ನ್ಯಾಮತಿಯ ಅಜ್ಜಿ ಬಾಗಿಲ ಪಕ್ಕ ಕೂತಿದ್ದರು. ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು. ಯಾರಿಗೋ ಎಂಬಂತೆ, "ಇನ್ನು ಆ ಕಿಟಕಿಗೆ ಬಾಗಿಲು ಹಾಕಿಸ್ಬೇಕವ್ವಾ. ಚೀಲ ಯಾರಿಗೆ ತೋರ್ಸಾಕೆ ಇಟ್ಕಳ್ಳಿ?" ಎಂದರು.

ಈಗ ಮತ್ತೆ ಆಷಾಢ. ನಾನು ನಿಜಕ್ಕೂ ವಕೀಲೆಯಾಗಿದ್ದೇನೆ. ಹಾಗೆ ಕರೆಯುವವರು ಇಲ್ಲ. ಮೊನ್ನೆ ಭಾನುವಾರ ಊಟ ಮಾಡಿ ಈ ಮೇಜಿನ ಮೇಲೇ ತಲೆಯಿಟ್ಟೆ. ಇಲ್ಲಿ ನಿದ್ದೆ ಬರುವುದಿಲ್ಲ ಎಂದು ಅವರು ಕಲ್ಲಿಟ್ಟಿದ್ದರು, ಆದರೂ ಬಂತು. ಗಾಳಿ ಬಂಡೆಯ ಬೆನ್ನಿಗೆ ಬಡಿದು ಮೇಲೆ ಹಾದುಹೋಗುವ ಸದ್ದು, ದೂರದ ಯಂತ್ರಗಳು, ನೀರಿನ ಮೇಲೆ ನಡೆದುಹೋಗುವ ಯಾವುದೋ ಮೋಡ. ಥಟ್ಟನೆ ಎಚ್ಚರವಾಯಿತು. ಏನೋ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಕೇಳಿ ಕಿವಿಗೆ ಅಂಟಿದ್ದ ಆ ಸಿಳ್ಳೆ ಇರಲಿಲ್ಲ. ಎದ್ದು ಓಡಿದೆ.

ಅಮ್ಮ ಮಂಚದ ಮೇಲಿರಲಿಲ್ಲ. ಬಂಡೆಯ ಮೂಡಲ ಮಗ್ಗುಲಲ್ಲಿ, ಸೂರಿನ ಕೆಳಗೆ, ಬರೀ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು. ಬಗ್ಗಿ ಮೂಗಿನ ಹತ್ತಿರ ಕೈಯಿಟ್ಟೆ. ಬೆಚ್ಚಗೆ ಬಂತು, ಹೋಯಿತು. ಸದ್ದೇ ಇಲ್ಲ.

ಮನೆಯೋ, ಪಂಪೋ ಎಂಬ ವಾದ ಹಾಗೇ ಇದೆ. ಅದನ್ನು ಮುಂದುವರಿಸಲು ಎದುರಾಳಿ ಇಲ್ಲ. ಅಮ್ಮ ಮಗ್ಗುಲು ಹೊರಳಿದಳು. ಕೆನ್ನೆಯ ಮೇಲೆ ಅಡ್ಡಗೆರೆ, ಉದ್ದಗೆರೆ. ನಾನು ಎಬ್ಬಿಸಲಿಲ್ಲ.